ಜೋಳದ ಮಂಡೆಗೆ ಕತ್ತಿ ತಾಗಿಸಬೇಡಿ

ಮೀಂಜ ಗ್ರಾಮದ ಗದ್ದೆಯೊಂದರಲ್ಲಿ ಬೆಳಗಿನ ಇಬ್ಬನಿ ಈಗಷ್ಟೇ ಆರುತ್ತಿದೆ. ಪ್ರೇಮಾವತಿ ತನಗಿಂತ ಎತ್ತರದ ಮುಸುಕಿನ ಜೋಳದ ಗಿಡವೊಂದನ್ನು ಹಿಡಿದು ಮೆಲ್ಲ ಅಲುಗಾಡಿಸುತ್ತಾರೆ. ತುದಿಯ ಹೂವಿನಿಂದ ಹಳದಿ ಹುಡಿ ಉದುರಿ, ಸುತ್ತ ನಿಂತ ಹೆಂಗಸರ ತಲೆಯ ಮೇಲೆ ಬೀಳುತ್ತದೆ.

"ಇದು ಗಂಡು. ಕೆಳಗೆ ಜುಟ್ಟು ಬಿಟ್ಟು ಕೂತದ್ದು ಹೆಣ್ಣು. ಒಂದೊಂದು ಕೂದಲಿಗೂ ಈ ಹುಡಿ ತಾಗಿದರೆ ಒಂದೊಂದು ಕಾಳು. ಮಂಡೆಗೆ ಮಾತ್ರ ಕತ್ತಿ ತಾಗಿಸಬೇಡಿ, ಆಯ್ತಾ?"

"ಗಂಡಿಗೆ ಮೇಲೆ ಕೂತು ಹುಡಿ ಹಾರಿಸುವುದು ಮಾತ್ರವಾ ಕೆಲಸ, ಟೀಚರೇ?" ಒಬ್ಬಾಕೆ ಕೇಳುತ್ತಾರೆ.

"ನಿಮ್ಮ ಮನೆಯಲ್ಲಿ ಬೇರೆ ಎಂತ ಉಂಟು ಮಾರಾಯ್ತಿ?"

ಗದ್ದೆಯಿಡೀ ನಗು.

ಭತ್ತ ಕೊಯ್ದ ಮೇಲೆ ಬರಿದೇ ಬಿದ್ದಿರುವ ತುಂಡು ಗದ್ದೆಗಳಲ್ಲಿ ಜೋಳ ಬೆಳೆಯಲು ಕಲಿಸುವುದು ಪ್ರೇಮಾವತಿಯ ಕೆಲಸ. ಸೀತಾಂಗೋಳಿಯಿಂದ ಹಳೇ ಸ್ಕೂಟರಿನಲ್ಲಿ ಹೊರಟರೆ ದಿನಕ್ಕೆ ನಾಲ್ಕೈದು ಗದ್ದೆ. ತುಳುವಿನವರಿಗೆ ತುಳುವಿನಲ್ಲಿ ಪಾಠ, ಮಲಯಾಳದವರಿಗೆ ಮಲಯಾಳದಲ್ಲಿ. ಜೋಳ ತಿನ್ನಲು ಬರುವ ಕಾಡುಹಂದಿಗೆ ಎರಡೂ ತಿಳಿಯದು, ಬೊಬ್ಬೆಯೇ ಆಗಬೇಕು.

ಇಷ್ಟು ನಗಿಸುವ ಟೀಚರ್ ಬಟ್ಯಣ್ಣನ ಗದ್ದೆ ಹತ್ತಿರವಾದರೆ ಮಾತ್ರ ಸುಮ್ಮನಾಗುತ್ತಾರೆ. ಬಟ್ಯ ತೆಂಗಿನಮರ ಹತ್ತುವವರು, ಪ್ರೇಮಾವತಿಯ ಮೊದಲ ಶಿಷ್ಯ. ಹೇಳಿದಂತೆಯೇ ಬಿತ್ತಿದರು, ಗಿಡ ಆಳೆತ್ತರ ಬಂತು. ನಾಳೆ ಟೀಚರ್ ನೋಡಲು ಬರುತ್ತಾರೆಂದು, ತೆಂಗಿನ ಮಂಡೆ ಚೊಕ್ಕ ಮಾಡುವ ಹಾಗೆ, ಒಣಕಲಾಗಿ ಕಂಡ ತುದಿ ಹೂವನ್ನೆಲ್ಲ ಕತ್ತಿಯಿಂದ ಸವರಿಬಿಟ್ಟರು. ತೆನೆಯೇನೋ ಬಂತು. ಸುಲಿದರೆ ಬೋಳು ದಿಂಡು. ಅವರು ಕಡಿದದ್ದು ಜೋಳದ ತಲೆ; ತಲೆ ಕೆಟ್ಟದ್ದು ಪ್ರೇಮಾವತಿಯದ್ದು.

"ಗೊಬ್ಬರ ಹೇಳಿದೆ, ನೀರು ಹೇಳಿದೆ. ಮಂಡೆ ಮುಟ್ಟಬೇಡಿ ಅಂತ ಹೇಳಲೇ ಇಲ್ಲ. ದಿನಾ ತೆಂಗಿನ ಮಂಡೆಯಲ್ಲಿ ಕೂರುವ ಮನುಷ್ಯ. ನನಗೆ ಹೊಳೆಯಬೇಕಿತ್ತು."

ಬಟ್ಯಣ್ಣ ಬೈದಿದ್ದರೆ ಹಗುರಾಗುತ್ತಿತ್ತೇನೋ. "ನಮ್ಮ ಕೈಗೆ ಆಗಿಬರುವುದಿಲ್ಲ ಟೀಚರೇ" ಎಂದಷ್ಟೇ ಹೇಳಿ ಜೋಳ ಬಿಟ್ಟರು. ಈಗ ಬೇಸಿಗೆಯಲ್ಲಿ ಅಲ್ಲಿ ಬರೀ ಹುಲ್ಲು.

ಆದರೂ ಬಿತ್ತನೆ ಸಮಯಕ್ಕೆ ಸರಿಯಾಗಿ ಪ್ರೇಮಾವತಿ, ತಾನೇ ಒಣಗಿಸಿದ ಬೀಜದ ಪೊಟ್ಟಣವೊಂದನ್ನು ಅವರ ಜಗಲಿಯಲ್ಲಿಟ್ಟು ಬರುತ್ತಾರೆ. ಈ ಸಲವೂ ಇಟ್ಟಿದ್ದರು. ಈ ಬರಹಕ್ಕಾಗಿ ಟೀಚರ ಜೊತೆ ನಾವು ಹೋದಾಗ ಬಟ್ಯಣ್ಣ ಅದೇ ಬೀಜವನ್ನು ಅಂಗಳದ ಕೋಳಿಗಳಿಗೆ ಚೆಲ್ಲುತ್ತಿದ್ದಾರೆ. ಟೀಚರನ್ನು ಕಂಡು ಕೈ ನಿಲ್ಲುತ್ತದೆ.

"ಕೋಳಿಗಳು ಒಳ್ಳೆ ಮೊಟ್ಟೆ ಇಡ್ತವೆ ಟೀಚರೇ," ಎನ್ನುತ್ತಾರೆ, ಮುಖ ತಗ್ಗಿಸಿ.

ಪ್ರೇಮಾವತಿ ಸ್ಕೂಟರಿನ ಕಡೆ ತಿರುಗಿ, ನಮಗೆ ಮಾತ್ರ ಕೇಳುವಂತೆ ಹೇಳುತ್ತಾರೆ:

"ಮುಂದಿನ ವರ್ಷವೂ ಪೊಟ್ಟಣ ಇಡುತ್ತೇನೆ. ಕೋಳಿ ಹೆಕ್ಕದೆ ಬಿಟ್ಟ ಒಂದು ಕಾಳಾದರೂ ಅಂಗಳದಲ್ಲಿ ಮೊಳೆಯಲಿ. ಅದರ ಮಂಡೆ ಅವರು ಮುಟ್ಟುವುದಿಲ್ಲ. ಅಷ್ಟು ಕಲಿಸಿದ್ದೇನಲ್ಲ."