ಬಾಟಲಿಗೆ ತುಂಬಿದ ನೀರು

ನೀರಿನ ಮಾದರಿ ಒಯ್ಯುವವರು ಬಂದ ದಿನ ಕರೆಂಟು ಇರಲಿಲ್ಲ. ಇದ್ದಿದ್ದರೆ ಓಣಿಯ ತುದಿಯ ಬೋರು ಓಡುತ್ತಿತ್ತು, ನಮ್ಮ ಅಂಗಳದ ನಳದಲ್ಲಿ ನೀರು ಬರುತ್ತಿತ್ತು, ಅವರು ತಾವೇ ಬಾಟಲಿ ಹಿಡಿದು ತುಂಬಿಕೊಂಡು ಹೋಗುತ್ತಿದ್ದರು. ಆಗ ನಾನು ಇದನ್ನೆಲ್ಲ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ನಮ್ಮದು ನರೇಗಲ್ಲಿಗೂ ಗಜೇಂದ್ರಗಡಕ್ಕೂ ನಡುವಿನ ಒಂದು ಹಳ್ಳಿ. ನನ್ನ ತವರು ನರಗುಂದ. ಓದಿದ್ದು ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ. ಮದುವೆಯಾಗಿ ಬಂದ ಮೊದಲ ವಾರ ಅತ್ತೆ ನನಗೆ ಕಲಿಸಿದ್ದು ಅಡುಗೆಯನ್ನಲ್ಲ, ನೀರನ್ನು. ಬಚ್ಚಲ ಹಂಡೆಯಲ್ಲಿದ್ದದ್ದು ಬೋರಿನ ನೀರು: ಮುಖಕ್ಕೆ, ಮುಸುರೆಗೆ, ಬಟ್ಟೆಗೆ. ಅಡುಗೆಮನೆಯ ತಾಮ್ರದ ಕೊಡದಲ್ಲಿದ್ದದ್ದು ಫಿಲ್ಟರ್ ನೀರು, ಅಂದರೆ ಊರ ಬಾಗಿಲ ಹತ್ತಿರದ ಶುದ್ಧ ನೀರಿನ ಘಟಕದಿಂದ ತಂದದ್ದು: ಕುಡಿಯಲು, ಅನ್ನಕ್ಕೆ, ಬಂದವರಿಗೆ. ಎರಡಕ್ಕೂ ಬೇರೆ ಬೇರೆ ತಂಬಿಗೆ. ಹಂಡೆಯ ತಂಬಿಗೆಗೆ ಒಂದು ಕಡೆ ನೆಗ್ಗು ಇತ್ತು. ಕತ್ತಲಲ್ಲೂ ಬೆರಳಿಗೆ ಗೊತ್ತಾಗಲಿ ಎಂದು ಅದನ್ನೇ ಇಟ್ಟುಕೊಂಡಿದ್ದರು.

ಬೋರಿನ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ ಎಂದು ಹಿಂದೆಯೇ ಪರೀಕ್ಷೆಯಲ್ಲಿ ಬಂದಿತ್ತು. ಪಂಪಿನ ಮನೆಯ ಗೋಡೆಗೆ ಕೆಂಪು ಬಣ್ಣ ಬಳಿದಿದ್ದರು. ಕೆಂಪು ಅಂದರೆ ಕುಡಿಯಬಾರದು, ನೀಲಿ ಅಂದರೆ ಕುಡಿಯಬಹುದು. ಎರಡು ಗಾಜಿನ ಲೋಟಗಳಲ್ಲಿ ಎರಡೂ ನೀರನ್ನು ಹಿಡಿದು ಕಿಟಕಿಯ ಬೆಳಕಿಗೆ ನೋಡಿದ್ದೇನೆ. ಅದೇ ತಿಳಿ, ಅದೇ ಹೊಳಪು. ಫ್ಲೋರೈಡಿಗೆ ರುಚಿಯಿಲ್ಲ, ವಾಸನೆಯಿಲ್ಲ. ನಾಲಿಗೆಗೆ ತಿಳಿಯುವಂಥದ್ದಾಗಿದ್ದರೆ ಪ್ರಯೋಗಾಲಯ ಯಾಕೆ ಬೇಕಿತ್ತು? ಆ ನೀರಿನ ವಿಷಯದಲ್ಲಿ ನಮಗೆ ಇದ್ದ ಕಣ್ಣು ಒಂದೇ: ಸರಕಾರದವರು ಅಳೆದು ಹೇಳುವ ಒಂದು ಅಂಕಿ.

ಆ ದಿನ ಬಂದವರು ತಲೆ ನರೆತ, ಮೆತ್ತಗೆ ಮಾತನಾಡುವ ಮನುಷ್ಯ. ಚೀಲದ ತುಂಬ ಪ್ಲಾಸ್ಟಿಕ್ ಬಾಟಲಿಗಳು, ಒಂದೊಂದಕ್ಕೂ ಬಿಳಿ ಚೀಟಿ. ನಳ ತಿರುವಿ ನೋಡಿದರು. ಒಂದು ಹನಿಯೂ ಇಲ್ಲ.

"ಇನ್ನೂ ಮೂರು ಊರು ಅದಾವ್ರಿ ಅಮ್ಮಾರ," ಎಂದರು ಅತ್ತೆಗೆ. "ಮನ್ಯಾಗ ತುಂಬಿಟ್ಟ ನೀರ ಇದ್ರ ಅದನ್ನ ಕೊಡ್ರಿ, ನಡೀತೈತಿ."

ಬಾಟಲಿಯನ್ನು ಕೊಡುವ ನೀರಿನಲ್ಲೇ ಎರಡು ಸಲ ತೊಳೆದು ತುಂಬಬೇಕು ಎಂದೂ ಹೇಳಿದರು. ಹೇಳಿ ಕಟ್ಟೆಯ ಮೇಲೆ ಕೂತು ಚೀಟಿ ಬರೆಯತೊಡಗಿದರು. ಅತ್ತೆ ಬಾಟಲಿ ತೆಗೆದುಕೊಂಡು ಒಳಗೆ ಬಂದರು. ಬಚ್ಚಲ ಕಡೆ ತಿರುಗಲಿಲ್ಲ. ನೇರ ಅಡುಗೆಮನೆಗೆ ನಡೆದರು. ತಾಮ್ರದ ಕೊಡದ ಮುಚ್ಚಳ ತೆಗೆದು ಬಾಟಲಿಯನ್ನು ಒಂದಲ್ಲ, ಮೂರು ಸಲ ತೊಳೆದರು. ಆಮೇಲೆ ಕುತ್ತಿಗೆಯ ತನಕ ತುಂಬಿದರು.

"ಅತ್ತಿ, ಅದು ಫಿಲ್ಟರ್ ನೀರ್ರಿ," ಎಂದೆ.

"ಗೊತ್ತೈತಿ. ಬಾಗಲಿಗೆ ಬಂದವರಿಗೆ ಬಚ್ಚಲದ ನೀರ ಕೊಡ್ತಾರೇನು? ಮೊದಲೇ ನಮ್ಮ ಓಣಿಗೆ ಕೆಂಪ ಬಣ್ಣ ಬಡದ ಹೋಗ್ಯಾರ. ಕೆಟ್ಟ ನೀರಿನ ಊರು ಅಂತ ನನ್ನ ಮೈದುನನ ಮಗಗ ಹೆಣ್ಣ ಕೊಡವಲ್ರು. ಮತ್ತೊಮ್ಮೆ ನಾನ ಕೈಯಾರೆ ಕೊಟ್ಟ ಬರಸ್ಕೊಳ್ಳಲ್ಯಾ?"

ನಾನು ಸೆರಗು ಸರಿಮಾಡಿಕೊಂಡೆ. ಮುಜುಗರವಾದಾಗ ನಾನು ಮಾಡುವುದು ಇಷ್ಟೇ. ಹೊರಗೆ ಹೋಗಿ ಆ ಮನುಷ್ಯನಿಗೆ ಒಂದು ಮಾತು ಹೇಳಬಹುದಿತ್ತು. ಅತ್ತೆಯ ಎದುರು, ಪರಪುರುಷನ ಮುಂದೆ, ಅವರ ತಪ್ಪನ್ನು ಎತ್ತಿ ಆಡುವುದೇ ಎಂದು ಸುಮ್ಮನಾದೆ. ಬಂದವರು ಬಾಟಲಿ ತೆಗೆದುಕೊಂಡು, ಚೀಟಿಯ ಮೇಲೆ ಓಣಿಯ ಹೆಸರು ಬರೆದು, ಕೆಳಗೆ 'ಮೂಲ: ಕೊಳವೆ ಬಾವಿ' ಎಂದು ಬರೆದು, ಚಹಾ ಕುಡಿದು ಹೋದರು.

ಫಲಿತಾಂಶ ಬರಲು ಒಂದೆರಡು ತಿಂಗಳು ಹಿಡಿಯಿತು. ಪಂಚಾಯಿತಿ ಗೋಡೆಗೆ ಒಂದು ಹಾಳೆ ಅಂಟಿಸಿದರು. ನಾನು ಫೋನಿನಲ್ಲಿ ನೀರಿನ ಇಲಾಖೆಯ ಇಂಗ್ಲಿಷ್ ಪುಟವನ್ನೂ ತೆರೆದು ನೋಡಿದೆ. ಅಲ್ಲಿಯೂ ಅದೇ. ನಮ್ಮ ಓಣಿಯ ಬೋರಿನ ಎದುರು ಫ್ಲೋರೈಡ್ ಮಿತಿಯೊಳಗಿತ್ತು, ಷರಾ 'ಕುಡಿಯಲು ಯೋಗ್ಯ'. ಪೇಂಟರ್ ಬಂದು ಪಂಪಿನ ಮನೆಗೆ ನೀಲಿ ಬಳಿದ. ಒಂದೇ ಕೈ ಬಳಿದಿದ್ದರಿಂದ ಮೂಲೆಗಳಲ್ಲಿ ಕೆಂಪು ಇಣುಕುತ್ತಿತ್ತು.

ಪ್ರಯೋಗಾಲಯದವರನ್ನು ನಾನು ಬೈಯಲಾರೆ. ಅವರ ಕೈಗೆ ಬಂದ ನೀರನ್ನು ಅವರು ಸರಿಯಾಗಿಯೇ ಅಳೆದಿದ್ದರು. ಫಿಲ್ಟರ್ ನೀರು ಹೇಗಿರಬೇಕೋ ಹಾಗೇ ಇತ್ತು.

ನಮ್ಮ ಎದುರು ಮನೆಯಲ್ಲಿ ಬ್ಲೌಸ್ ಹೊಲಿಯುವ ಹೆಣ್ಣುಮಗಳು ಒಬ್ಬಳಿದ್ದಾಳೆ. ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳಿಗೆ ಹತ್ತು ವರ್ಷ. ಮುಂದಿನ ಹಲ್ಲುಗಳ ಮೇಲೆ ಬೋರಿನ ನೀರಿನ ಕಂದು ಪಟ್ಟಿಗಳು, ಎಷ್ಟು ಉಜ್ಜಿದರೂ ಹೋಗವು. ಅದನ್ನು ಕಂಡ ಮೇಲೆ, ಚಿಕ್ಕದು ಎದೆಹಾಲು ಬಿಡುವ ಹೊತ್ತಿಗೆ ಆಕೆ ಒಂದು ಶಿಸ್ತು ಹಿಡಿದಿದ್ದಳು. ಮನೆಮಂದಿಯೆಲ್ಲ ಬೋರಿನ ನೀರು ಕುಡಿದರೂ ಚಿಕ್ಕದಕ್ಕೆ ಮಾತ್ರ ಫಿಲ್ಟರ್ ನೀರು. ಘಟಕದಿಂದ ಕ್ಯಾನನ್ನು ಸೊಂಟದ ಮೇಲಿಟ್ಟುಕೊಂಡು, ಇನ್ನೊಂದು ಸೊಂಟದ ಮೇಲೆ ಮಗುವನ್ನು ಕೂರಿಸಿಕೊಂಡು ಬರುತ್ತಿದ್ದಳು. ಯಾವ ಕಡೆ ಭಾರ ಹೆಚ್ಚು ಎಂದು ಕೇಳಿದರೆ, "ಕ್ಯಾನು ಸುಮ್ಮನ ಕುಂದರತೈತ್ರಿ ಅಕ್ಕಾರ, ಇದ ಒದೀತೈತಿ," ಎಂದು ನಗುತ್ತಿದ್ದಳು.

ನೀಲಿ ಬಣ್ಣ ಬಂದ ಮರುದಿನದಿಂದ ಆಕೆ ಕ್ಯಾನು ಹೊತ್ತದ್ದನ್ನು ನಾನು ನೋಡಲಿಲ್ಲ.

ನಾನು ಕೂಡಲೇ ಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಮೊದಲು ಸರಕಾರದ ಕಾಗದ ತಿದ್ದಿಸೋಣ, ಆಮೇಲೆ ತಾನಾಗಿಯೇ ಎಲ್ಲರಿಗೂ ತಿಳಿಯುತ್ತದೆ, ಯಾರ ಹೆಸರೂ ಕೆಡುವುದಿಲ್ಲ ಎಂದು ಲೆಕ್ಕ ಹಾಕಿದೆ. ಕಾನ್ವೆಂಟಿನ ಸಿಸ್ಟರ್ ಒಬ್ಬರು ನಮಗೆ ತಪ್ಪನ್ನು ಅಳಿಸಲು ಬಿಡುತ್ತಿರಲಿಲ್ಲ. ಓದಲು ಬರುವ ಹಾಗೆ ಒಂದು ಗೆರೆ ಎಳೆದು, ಮೇಲೆ ಸರಿಯಾದದ್ದನ್ನು ಬರೆದು, ಬದಿಗೆ ಸಹಿ ಹಾಕಬೇಕಿತ್ತು. ಅಂಥದ್ದೊಂದು ಗೆರೆ ಎಳೆಸಿದರೆ ಸಾಕು ಎಂದುಕೊಂಡು ಕೂತು ಅರ್ಜಿ ಬರೆದೆ. ಆದರೆ ಆ ಅರ್ಜಿಯಲ್ಲಿ ನಾನೇ ಗೆರೆ ತಪ್ಪಿದೆ. 'ನಮ್ಮ ಓಣಿಯ ಮಾದರಿ ಬೇರೆ ನೀರಿನದಾಗಿರುವ ಸಾಧ್ಯತೆ ಇದೆ, ಮರುಪರೀಕ್ಷೆ ಮಾಡಬೇಕು' ಎಂದಷ್ಟೇ ಬರೆದೆ. ಯಾರು, ಯಾವ ಕೊಡದಿಂದ ತುಂಬಿದರು ಎಂಬುದನ್ನು ಬರೆಯಲಿಲ್ಲ. ಅತ್ತೆಯ ಮರ್ಯಾದೆ ಕಾಯ್ದೆ.

ಉತ್ತರ ಬಂತು. ಸದರಿ ಮಾದರಿಯನ್ನು ನಿಯಮಾನುಸಾರ ಪರೀಕ್ಷಿಸಲಾಗಿದ್ದು, ಫಲಿತಾಂಶದಲ್ಲಿ ಲೋಪ ಕಂಡುಬಂದಿರುವುದಿಲ್ಲ, ಅರ್ಜಿಯನ್ನು ವಿಲೇ ಮಾಡಲಾಗಿದೆ. ನನ್ನ ಯಜಮಾನರು ಓದಿ, "ಬರೋಬ್ಬರಿ ಬರದಾರ. ನೀನೂ ಅರ್ಧಾ ಹೇಳಿದಿ, ಅವರೂ ಅರ್ಧಾ ಕೇಳ್ಯಾರ," ಎಂದು ಕಾಗದ ಮಡಚಿ ಕೊಟ್ಟರು.

ಅಷ್ಟರಲ್ಲಿ ಫಿಲ್ಟರ್ ಘಟಕ ಕೆಟ್ಟಿತು. ದುರಸ್ತಿಗೆ ಬರೆದುಕೊಂಡಾಗ, ಊರಿನಲ್ಲೇ ಯೋಗ್ಯ ನೀರಿನ ಬೋರು ಇರುವಾಗ ಘಟಕದ ಅಗತ್ಯವಿಲ್ಲ ಎಂದು ಮೇಲಿನಿಂದ ಹೇಳಿಕಳಿಸಿದರು. ಬಾಗಿಲಿಗೆ ಬೀಗ ಬಿತ್ತು. ಆ ಘಟಕದ ನೀರೇ ಅದನ್ನು ಮುಚ್ಚಿಸಿತ್ತು, ಮತ್ತು ಇದು ಗೊತ್ತಿದ್ದವರು ಊರಿನಲ್ಲಿ ಮೂರೇ ಜನ, ಮೂವರೂ ಒಂದೇ ಮನೆಯಲ್ಲಿ. ಯಜಮಾನರು ಬೈಕಿನ ಮೇಲೆ ನರೇಗಲ್ಲಿನಿಂದ ಕ್ಯಾನು ತರತೊಡಗಿದರು. ಎದುರು ಮನೆಯಲ್ಲಿ ಬೈಕಿಲ್ಲ.

ಆ ವಾರ ನಾನು ಎದುರು ಮನೆಗೆ ಹೋದೆ. ಆಕೆ ಮಷಿನ್ನಿನ ಮುಂದೆ ಕೂತಿದ್ದಳು. ಚಿಕ್ಕದು ನೆಲದ ಮೇಲೆ ಬಟ್ಟೆಯ ತುಂಡುಗಳನ್ನು ಹರವಿಕೊಂಡಿತ್ತು.

"ತಂಗಿ, ಆ ಬೋರಿನ ನೀರ ಚಲೋ ಇಲ್ಲ. ಕೂಸಿಗೆ ಕೊಡಬ್ಯಾಡ," ಎಂದೆ.

"ಯಾಕ್ರಿ? ನೀಲಿ ಹಚ್ಚ್ಯಾರಲ್ರಿ."

ಎಲ್ಲ ಹೇಳಿದೆ. ಕರೆಂಟು ಇರದಿದ್ದದ್ದು, ತಾಮ್ರದ ಕೊಡ, ಚೀಟಿ. ಆಕೆ ಕೇಳುತ್ತ ಕೇಳುತ್ತ ಮಷಿನ್ನಿನ ಗಾಲಿಯನ್ನು ಕೈಯಿಂದ ಹಿಡಿದು ನಿಲ್ಲಿಸಿದಳು.

"ನೀವು ಹೇಳೋದು ಖರೇ ಇರಬೌದ್ರಿ ಅಕ್ಕಾರ. ಆದ್ರ ಅವ್ರು ಮಷಿನ್ ಇಟ್ಟ ನೋಡ್ಯಾರ. ಸಾಲ್ಯಾಗ ಮಾಸ್ತರ್ರೂ ಹೇಳ್ಯಾರ, ಅಂಗನವಾಡ್ಯಾಗೂ ಹೇಳ್ಯಾರ. ಎಲ್ಲಾರೂ ಸುಳ್ಳಾಗಿ ನೀವೊಬ್ರ ಖರೇ ಆಗ್ತೀರೇನು?"

"ಆ ಬಾಟಲಿ ನಮ್ಮ ಮನಿದು, ತಂಗಿ."

"ಹಂಗಾದ್ರ ಇಷ್ಟ ದಿನಾ ಯಾಕ ಹೇಳಲಿಲ್ಲ?"

ನಾನು ಸೆರಗು ಸರಿಮಾಡಿಕೊಂಡೆ. ಆಕೆ ಮಗುವಿನ ಕೈಯಿಂದ ಕತ್ತರಿ ತೆಗೆದು ಮೇಲಿಟ್ಟಳು. ಆಮೇಲೆ ಕೇಳಿದಳು, ಸಿಟ್ಟಿಲ್ಲದೆ: "ಇಷ್ಟ ದಿನಾ ನೀವು ಯಾವ ನೀರ ಕುಡದ್ರಿ?"

ಮರುದಿನ ರೋಣದ ಬಸ್ಸು ಹತ್ತಿದೆ. ಈ ಸಲ ಎಲ್ಲವನ್ನೂ ಬರೆದಿದ್ದೆ, ಅತ್ತೆಯ ಹೆಸರೂ ಸೇರಿಸಿ. ಇಲಾಖೆಯ ಕಚೇರಿಯ ಗುಮಾಸ್ತರು ಓದಿ ಕನ್ನಡಕ ಹಣೆಗೇರಿಸಿದರು.

"ನೀರ ಕೆಟ್ಟೈತಿ ಅಂತ ದಿನಾ ಮಂದಿ ಬರ್ತಾರ್ರಿ. ಚಲೋ ಐತಿ ಅಂತ ಬರದಿದ್ದನ್ನ ತಗೀರಿ ಅನ್ನಾಕ ಬಂದವರು ನೀವ ಮೊದಲ."

"ತಗೀಲಿಕ್ಕೆ ಬರ್ತದೇನ್ರಿ?"

"ಸಿಸ್ಟಮ್‌ನ್ಯಾಗ ಲಾಕ್ ಆಗೇತ್ರಿ. ತಗೀಬೇಕಂದ್ರ ಲ್ಯಾಬಿನವರು ತಪ್ಪು ಅಂತ ಬರದ ಕೊಡಬೇಕು. ಅವರದು ತಪ್ಪಿಲ್ಲ. ನೀರ ತಂದವರು ಬರದ ಕೊಡಬೇಕು. ಅವರು ರಿಟೈರ್ ಆಗ್ಯಾರ." ಅವರು ಸ್ವಲ್ಪ ಮುಂದೆ ಬಾಗಿದರು. "ಅಕ್ಕಾರ, ಇದನ್ನ ಹಿಂಗ ಕೊಡಬ್ಯಾಡ್ರಿ. ಸರಕಾರಕ್ಕ ಬ್ಯಾರೆ ನೀರ ಕೊಟ್ಟ ಮೋಸ ಮಾಡ್ಯಾರ ಅಂತ ನಿಮ್ಮ ಅತ್ತಿ ಮ್ಯಾಲ ತಿರಗತೈತಿ. ವಯಸ್ಸಾದವ್ರು."

ಅವರ ದನಿಯಲ್ಲಿ ಕೆಡುಕಿರಲಿಲ್ಲ. ಅರ್ಜಿ ಕೊಟ್ಟೇ ಬಂದೆ. ಮೊಹರು ಬಿದ್ದ ಪ್ರತಿ ನನ್ನ ಹತ್ತಿರ ಇದೆ. ಉತ್ತರ ಬಂದಿಲ್ಲ. ಅತ್ತೆಗೆ ಹೇಳಿದಾಗ ಅವರು ಬೈಯಲಿಲ್ಲ. "ಚಲೋ ನೀರ ಕೊಟ್ಟಿದ್ದು ತಪ್ಪಾತೇನವಾ?" ಎಂದು ಕೇಳಿದರು. ನಿಜವಾಗಿಯೂ ಗೊತ್ತಿಲ್ಲದೇ ಕೇಳಿದರು. ಅದಕ್ಕೇ ನನಗೆ ಅಳು ಬಂತು.

ನಮ್ಮ ಕ್ಯಾನಿನಿಂದ ದಿನಾ ಒಂದು ಸಣ್ಣ ಕೊಡ ಎದುರು ಮನೆಗೆ ಕೊಡತೊಡಗಿದೆ. ಹತ್ತು ಹನ್ನೆರಡು ದಿನ ಆಕೆ ಬಂದು ಒಯ್ದಳು. ಆಮೇಲೆ ಒಂದು ದಿನ ಕೊಡವನ್ನು ತೊಳೆದು, ಬೋರಲು ಹಾಕಿ, ನಮ್ಮ ಕಟ್ಟೆಯ ಮೇಲೆ ಇಟ್ಟು ಹೋಗಿದ್ದಳು. ಕೇಳಿದ್ದಕ್ಕೆ, "ದಿನಾ ನಿಮ್ಮ ಬಾಗಲಾ ಕಾಯೂದು ಚಲೋ ಕಾಣಂಗಿಲ್ರಿ. ಕುಡಿಯಾಕ ಬರ್ತೈತಿ ಅಂತ ಬರದಾರ. ಬರದಮ್ಯಾಲ ಮುಗೀತು," ಎಂದಳು.

ಈ ವರ್ಷ ಹೊಸ ಹಾಳೆ ಅಂಟಿಸಿದ್ದಾರೆ. ನಮ್ಮ ಓಣಿಯ ಬೋರಿನ ಎದುರು ಅದೇ ಅಂಕಿ, ಚುಕ್ಕಿಯ ನಂತರದ ಅಂಕಿಗಳೂ ಅವೇ. ಅಂಟು ಹಚ್ಚುತ್ತಿದ್ದ ಪಂಚಾಯಿತಿಯವನನ್ನು ಕೇಳಿದೆ, ನೀರು ಒಯ್ಯಲು ಯಾವಾಗ ಬಂದಿದ್ದರು ಎಂದು.

"ಈ ಸಲ ಯಾರೂ ಬಂದಿಲ್ರಿ. ಹ್ವಾದ ವರ್ಷದ್ದನ್ನ ಮುಂದ ತಂದಾರ. ಚಲೋ ಬಂದಿದ್ದನ್ನ ಮತ್ತ ನೋಡಿ ಯಾಕ ಕೆಡಸ್ಕೋಬೇಕ್ರಿ?"

ಮೊನ್ನೆ ನರಗುಂದಕ್ಕೆ ಹೋದಾಗ ನನ್ನ ದವಡೆಯ ನೋವಿಗೆ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆ. ಎದುರು ಮನೆಯ ಮಗುವಿನ ವಿಷಯವನ್ನೂ ಕೇಳಿದೆ. ಈ ನೀರಿನ ಕಲೆ ಹಾಲುಹಲ್ಲಿನಲ್ಲಿ ಬಹುಮಟ್ಟಿಗೆ ಕಾಣುವುದಿಲ್ಲವಂತೆ. ಕಾಯಂ ಹಲ್ಲುಗಳು ಈಗ ಒಸಡಿನೊಳಗೆ, ಯಾರ ಕಣ್ಣಿಗೂ ಬೀಳದೆ ಕಟ್ಟುತ್ತಿರುತ್ತವೆ. ಕೆಟ್ಟಿದ್ದರೆ ತಿಳಿಯುವುದು ಅವು ಹೊರಗೆ ಬಂದ ಮೇಲೆ, ಮಗುವಿಗೆ ಆರೇಳು ವರ್ಷವಾದಾಗ. ಆಗ ತಿಳಿದು ಮಾಡುವುದು ಏನೂ ಉಳಿದಿರುವುದಿಲ್ಲ.

ನಿನ್ನೆ ಮಧ್ಯಾಹ್ನ ಆಕೆ ಹೊಲಿದ ಬ್ಲೌಸ್ ಕೊಡಲು ಬಂದಳು. ಮಗು ಸೊಂಟದ ಮೇಲಿತ್ತು. ಆಕೆ ಅದರ ಗದ್ದ ಹಿಡಿದು, ಕೆಳತುಟಿಯನ್ನು ಹೆಬ್ಬೆರಳಿನಿಂದ ಸರಿಸಿ ನನಗೆ ತೋರಿಸಿದಳು. ಅಕ್ಕಿಕಾಳಿನಂಥ ಪುಟ್ಟ ಹಲ್ಲುಗಳು, ಸಾಲಾಗಿ.

"ನೋಡ್ರಿ ಅಕ್ಕಾರ, ನೀವ ಸುಮ್ಮನ ಅಂಜಿದ್ರಿ. ಎಷ್ಟ ಬೆಳ್ಳಗದಾವ ನೋಡ್ರಿ."

ಡಾಕ್ಟರು ಹೇಳಿದ್ದನ್ನು ಹೇಳಲು ಬಾಯಿ ತೆರೆದೆ. ಹಾಲುಹಲ್ಲು, ಒಸಡು, ಆರು ವರ್ಷ ಎಂದು ತೊದಲಿದೆ. ಆಕೆ ನಗುತ್ತಲೇ ಕೇಳಿಸಿಕೊಂಡಳು, ಹುಚ್ಚು ಹಿಡಿದ ಹಿರಿಯಳ ಮಾತು ಕೇಳಿಸಿಕೊಳ್ಳುವ ಹಾಗೆ. ಮಗು ನನ್ನ ಕಡೆ ಬಾಗಿತು, ಎತ್ತಿಕೊಂಡೆ. ಅದರ ಬಾಯಿಯಿಂದ ಈಗಷ್ಟೇ ಕುಡಿದ ನೀರು ಗದ್ದದ ಮೇಲೆ ಇಳಿಯುತ್ತಿತ್ತು.

"ಹೌದಲ್ರಿ? ಬೆಳ್ಳಗದಾವಲ್ರಿ?" ಎಂದು ಆಕೆ ಮತ್ತೆ ಕೇಳಿದಳು.

"ಹೌದವಾ," ಎಂದೆ. "ಬೆಳ್ಳಗದಾವ." ಸೆರಗಿನಿಂದ ಮಗುವಿನ ಗದ್ದ ಒರೆಸಿದೆ.