ಕೆರೆಯಂಗಳದ ಎಡಸುತ್ತು

ಎದುರು ಮನೆಯವರು ಸ್ಕೂಟರ್ ಬಿಚ್ಚಿ ಒರೆಸುತ್ತಿದ್ದಾರೆ. ಪೆಟ್ರೋಲಿನ ವಾಸನೆ ನಮ್ಮ ಜಗಲಿಗೂ ಬಂದಿದೆ. ನಿಮಗೆ ಮಲ್ಲಿಗೆಯ ಕಂಪು ಇಷ್ಟವಿರಬಹುದು. ನನಗೆ, ನಗಬೇಡಿ, ಪೆಟ್ರೋಲೇ ಇಷ್ಟ. ಯುದ್ಧದ ಕಾಲದಲ್ಲಿ ಅದು ಅತ್ತರಿಗಿಂತ ಅಪರೂಪ. ನಮ್ಮ ಚಿಕ್ಕಪ್ಪ ಓಡಿಸುತ್ತಿದ್ದ ಮುಳಬಾಗಿಲು–ಕೋಲಾರ ಬಸ್ಸು ಪೆಟ್ರೋಲಿನ ಬದಲು ಇದ್ದಿಲ ಹೊಗೆಯಲ್ಲೇ ಕೆಮ್ಮುತ್ತ ಸಾಗುತ್ತಿತ್ತು. ಏರು ಬಂದರೆ ಪ್ರಯಾಣಿಕರೇ ಇಳಿದು ತಳ್ಳಬೇಕು.

ಆಗ ಕೋಲಾರದ ಹತ್ತಿರ ಬೀಡುಬಿಟ್ಟಿದ್ದ ಅಮೆರಿಕದ ಸೈನಿಕರಲ್ಲಿ ಹ್ಯಾಂಕ್ ಎಂಬುವನು ಚಿಕ್ಕಪ್ಪನಿಗೆ ಗಂಟುಬಿದ್ದ. ತನ್ನೂರಿನ ಮಣ್ಣಿನ ಮೈದಾನಗಳಲ್ಲಿ ಕಾರಿನ ಪಂದ್ಯ ಓಡಿ ಹೆಸರು ಮಾಡಿದವನಂತೆ. ಒಮ್ಮೆ ಕಾರು ಪಲ್ಟಿ ಹೊಡೆದು ಎಡ ಮೊಣಕಾಲು ಮಡಚದಂತಾಯಿತು. ಇನ್ನು ಪಂದ್ಯ ಸಾಕು ಎಂದರು ಡಾಕ್ಟರು. ಸೈನ್ಯದಲ್ಲೂ ರಿಪೇರಿ ಕೆಲಸಕ್ಕಷ್ಟೇ ಹಾಕಿದರು. ಡಾಕ್ಟರ ಮಾತು ಸುಳ್ಳು ಮಾಡಬೇಕೆಂಬುದೊಂದೇ ಅವನ ಹಟ. ಬೇಸಿಗೆಗೆ ಒಣಗಿದ್ದ ನಮ್ಮೂರ ಕೆರೆಯಂಗಳ ಕಂಡದ್ದೇ ಅವನ ಕಣ್ಣು ಅರಳಿತು.

ಪಂದ್ಯಕ್ಕೆ ಅವನಿಗೊಂದು ಜೀಪು, ಚಿಕ್ಕಪ್ಪನಿಗೆ ಬಸ್ಸಿನ ಮಾಲೀಕರ ಹಳೆಯ ಕಾರು; ಎರಡಕ್ಕೂ ಅವನು ಶಿಬಿರದಿಂದ ತಂದ ಪೆಟ್ರೋಲು. ಹೊರಡುವ ಮೊದಲೇ ಜಗಳ. ಅವರ ದೇಶದ ಪಂದ್ಯದಲ್ಲಿ ಸುತ್ತುವುದು ಸದಾ ಎಡಕ್ಕಂತೆ.

"ಅದೆಲ್ಲ ಆಗಲ್ಲ ಕಣಯ್ಯಾ! ಹಂಗೆ ಸುತ್ತೋದು ಸುಡುಗಾಡಲ್ಲಿ. ಗುಡಿ ಸುತ್ತೋ ಹಂಗೆ ಬಲಕ್ಕೆ ಸುತ್ತು," ಎಂದು ಚಿಕ್ಕಪ್ಪ ಕೈ ತಿರುಗಿಸಿ ತೋರಿಸಿದ.

ಹ್ಯಾಂಕ್ ಒಪ್ಪಿದ. ಆದರೆ ಎಡಕ್ಕೇ ಪಳಗಿದ ಕೈ ಬಲಕ್ಕೆ ಬಗ್ಗಬೇಕಲ್ಲ! ಕ್ಲಚ್ ತುಳಿಯಬೇಕಾದಾಗಲೆಲ್ಲ ಆ ಎಡಗಾಲನ್ನು ಕೈಯಿಂದ ಎತ್ತಿ ಇಡುತ್ತಿದ್ದ. ಜೀಪು ನಿಂತಿತು, ಹೊರಟಿತು, ಮತ್ತೆ ನಿಂತಿತು. ಚಿಕ್ಕಪ್ಪ ಗೆದ್ದ. ಕೆರೆಕಟ್ಟೆಯ ಮೇಲೆ ನಾವು ಮಕ್ಕಳೆಲ್ಲ ನಾವೇ ಗೆದ್ದವರಂತೆ ಕುಣಿದೆವು. ಹ್ಯಾಂಕ್ ಇಳಿಯಲಿಲ್ಲ. ನಂಗಲಿಯ ಟೀ ಅಂಗಡಿಯಲ್ಲಿ ಕಲಿತ ತೆಲುಗಿನಲ್ಲಿ, "ಇಂಕೊಕ ಸಾರಿ" ಎಂದ. ಇನ್ನೊಂದು ಸಲ. ಮತ್ತೆ ಸೋತ. ಮತ್ತೆ, "ಇಂಕೊಕ ಸಾರಿ."

ಚಿಕ್ಕಪ್ಪ ಕಟ್ಟೆಯ ಮೇಲಿನ ಮುನೇಶ್ವರನ ಗುಡಿಯ ಕಡೆ ತಿರುಗಿ ಗಲ್ಲ ಬಡಿದುಕೊಂಡು, ಕಾರನ್ನು ಎದುರು ದಿಕ್ಕಿಗೆ ತಿರುಗಿಸಿ ನಿಲ್ಲಿಸಿದ.

"ಬಾರಯ್ಯಾ, ಈ ಸಲ ನಿನ್ ಕಡೆಯಿಂದ್ಲೇ. ಸ್ವಾಮಿ ಏನಾದ್ರೂ ಅಂದ್ರೆ ನಾನ್ ನೋಡ್ಕೋತೀನಿ."

ಆ ಸುತ್ತಿನಲ್ಲಿ ನಮಗೆ ಕಂಡದ್ದು ಬರೀ ಧೂಳು. ಅದರೊಳಗಿಂದ ಮೊದಲು ಹೊರಬಂದದ್ದು ಜೀಪು. ಹ್ಯಾಂಕ್ ಸ್ಟೀರಿಂಗಿಗೆ ಹಣೆಯೊತ್ತಿ ಬಿಕ್ಕಿ ಬಿಕ್ಕಿ ಅತ್ತ. ಸೋತ ಚಿಕ್ಕಪ್ಪನೂ ಅಳುತ್ತಿದ್ದ. ಯುದ್ಧ ಮುಗಿದು ತನ್ನೂರಿಗೆ ಹೋದ ಹ್ಯಾಂಕ್ ಪಂದ್ಯಕ್ಕಿಳಿದನೋ ಇಲ್ಲವೋ ಯಾರೂ ತಿಳಿಸಲಿಲ್ಲ. ಇಳಿದಿರುತ್ತಾನೆ, ನನಗೆ ಸಂದೇಹವಿಲ್ಲ.

ಹೋದ ವರ್ಷ ಲಕ್ವ ಹೊಡೆದು ನನ್ನ ಬಲಗೈ ಬಿದ್ದುಹೋಯಿತು. ಅಕ್ಷರವನ್ನು ಎಡಗೈಯಲ್ಲಿ ಬರೆಯುವುದುಂಟೇ ಎಂದು ಈವರೆಗೆ ಪೆನ್ನು ಮುಟ್ಟಿರಲಿಲ್ಲ. ಇದನ್ನು ಎಡಗೈಯಲ್ಲೇ ಬರೆದಿದ್ದೇನೆ. ಎಷ್ಟು ಹಾಳೆ ಹರಿದೆನೆಂದು ಮಾತ್ರ ಕೇಳಬೇಡಿ.