ಎರಡು ಎಂಜಿನ್, ಒಂದು ಸೊಂಟ

ನಮ್ಮ ಭಾವ ಚಿಕ್ಕಮಾದುವಿಗೆ ಇದ್ದದ್ದು ಒಂದೇ ಕೊಬ್ಬು, ಅದು ಕಾರಿನ ವಿಷಯದಲ್ಲಿ. ಊರು ಹೆಮ್ಮಿಗೆ. ತಿ. ನರಸೀಪುರದ ಅಕ್ಕಿ ಗಿರಣಿ ಮಾಲೀಕ ರಾಜೇಂದ್ರನ ಕಾರನ್ನು ಇಪ್ಪತ್ತೆರಡು ವರ್ಷ ಓಡಿಸಿದರು. ಬೈದರೂ ಬೈಸಿಕೊಳ್ಳುತ್ತಿದ್ದರು. ಕಾರಿನ ಬಗ್ಗೆ ಯಾರಾದರೂ ತಪ್ಪು ಹೇಳಿದರೆ ಮಾತ್ರ ಸುಮ್ಮನಿರಲು ಆಗುತ್ತಿರಲಿಲ್ಲ.

ಎಂಟು ತಿಂಗಳಿಂದ ಅವರ ಸೊಂಟ ಹೋಗಿತ್ತು. ಡಿಸ್ಕ್ ಜಾರಿದೆ ಎಂದು ಡಾಕ್ಟರು ಹೇಳಿದ್ದು ಮನೆಯವರನ್ನು ಬಿಟ್ಟರೆ ಗೊತ್ತಿದ್ದದ್ದು ಅದೇ ಗಿರಣಿಯ ಪಿಕಪ್ ಓಡಿಸುವ ನನಗೆ ಮಾತ್ರ. ನನ್ನ ಅಕ್ಕ ಚಲುವಮ್ಮ ದಿನಾ ಬೆಳಗ್ಗೆ ಎಕ್ಕದ ಎಲೆ ಬಿಸಿ ಮಾಡಿ ಗಂಡನ ಸೊಂಟಕ್ಕೆ ಕಟ್ಟಿ, ಮೇಲೆ ಬಿಳಿ ಶರ್ಟು ತೊಡಿಸಿ ಕಳಿಸುತ್ತಿದ್ದಳು. ಮೂಟೆ ಹೊರುವವನೊಬ್ಬನಿಗೆ ಹರ್ನಿಯಾ ಎಂದು ತಿಳಿದ ದಿನವೇ ರಾಜೇಂದ್ರ ಅವನನ್ನು ಗೇಟಿನಿಂದಾಚೆ ಅಟ್ಟಿದ್ದನ್ನು ನಾವು ಕಂಡಿದ್ದೆವು. ಮಗಳು ಪವಿತ್ರಳ ನರ್ಸಿಂಗ್ ಮುಗಿಯಲು ಇನ್ನೊಂದು ವರ್ಷ ಬೇಕಿತ್ತು. ಅಲ್ಲಿಯವರೆಗೆ ಈ ವಿಷಯ ಹೊರಬೀಳುವಂತಿರಲಿಲ್ಲ.

ಹೀಗಿರುವಾಗ ಕಳೆದ ವರ್ಷ ರಾಜೇಂದ್ರ ತನ್ನ ತಾಯಿ ಗೋವಿಂದಮ್ಮನವರನ್ನು ಆಸ್ಪತ್ರೆಗೆ ಓಡಾಡಿಸಲು ದೊಡ್ಡ ಕಾರು ಕೊಳ್ಳಲು ಹೊರಟ. ಮೈಸೂರಿನ ಷೋರೂಮಿನ ಕಿರಣ್ ಒಂದೇ ಕಾರನ್ನು ಎರಡು ಎಂಜಿನ್‌ಗಳಲ್ಲಿ ತಂದ: ಆರು ಸಿಲಿಂಡರಿನ ಡೀಸೆಲ್, ನಾಲ್ಕು ಸಿಲಿಂಡರಿನ ಪೆಟ್ರೋಲ್. ಭಾವ ನಂಜನಗೂಡಿಗೆ ಹೋಗುವಾಗ ಒಂದನ್ನು, ಬರುವಾಗ ಇನ್ನೊಂದನ್ನು ಓಡಿಸಿದರು. ಎರಡು ಸಲವೂ ಮಿಕ್ಕದ್ದನ್ನು ನಾನು ಹಿಂದಿನಿಂದ ತಂದೆ. ಸುತ್ತೂರಿನ ಹತ್ತಿರ ನಿಲ್ಲಿಸಿ ರಾಜೇಂದ್ರ ಯಾವುದು ವಾಸಿ ಎಂದು ಕೇಳಿದ.

"ಡೀಸೆಲ್‌ಗೆ ಮೂತಿ ಬಾರ ಸಾ," ಎಂದರು ಭಾವ. "ತಿರುವ್ನಲ್ಲಿ ಆಚ್ಗೆ ಎಳೀತದೆ. ರೋಡ್ ಅಂಪ್ ಇಳಿಯುವಾಗ ಮುಂದ್ಗಡೆ ಕುಸಿದು ಇಂದ್ಗಡೆ ಎತ್ತಾಕ್ತದೆ. ಪೆಟ್ರೋಲು ಅಗುರ. ಸ್ಟೀರಿಂಗ್ ಮುಟ್ಟುದ್ರೆ ಸಾಕು, ಏಳ್ದಂಗೆ ಕೇಳ್ತದೆ."

ಕಿರಣ್ ನಕ್ಕ. "ಹಿಂದಿನ ಸೀಟಿಗೆ ಏನೂ ವ್ಯತ್ಯಾಸ ಇಲ್ಲ ಸಾರ್. ಡ್ರೈವರ್ ಯಾವತ್ತು ಹಿಂದೆ ಕೂತಿದ್ದಾರೆ?"

ಮಾತೇನೋ ನಿಜವೇ. ಮಾಲೀಕರ ಸೀಟಿನಲ್ಲಿ ಡ್ರೈವರು ಕೂರುವ ಪದ್ಧತಿಯಿಲ್ಲ. ಭಾವ ಅಷ್ಟು ವರ್ಷ ಅದನ್ನು ಒರೆಸಿದ್ದರೇ ಹೊರತು ಕೂತಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಆಗಿತ್ತು. "ಕೂತ್ಕಂಡೇ ತೋರುಸ್ತೀನಿ ಸಾ," ಎಂದುಬಿಟ್ಟರು.

ರಾಜೇಂದ್ರ ತಾನೇ ಡೀಸೆಲ್ ಓಡಿಸಿದ. ಪಕ್ಕದಲ್ಲಿ ಕಿರಣ್, ಹಿಂದೆ ಭಾವ ಮತ್ತು ನಾನು. ರಸ್ತೆಯ ಮೊದಲ ಹಂಪ್‌ಗೆ ಅವನು ಬ್ರೇಕ್ ಒತ್ತಲಿಲ್ಲ. ಭಾವ ಹಲ್ಲು ಕಚ್ಚಿಕೊಂಡರು. ಎರಡನೆಯದಕ್ಕೆ "ಅವ್ವಾ" ಎಂದು ಕೂಗಿ ಸೀಟಿನಿಂದ ಕೆಳಗೆ ಜಾರಿದರು. ಇಳಿದಾಗ ನೆಟ್ಟಗೆ ನಿಲ್ಲಲಾಗದೆ ಬಾಗಿಲು ಹಿಡಿದು ಬಗ್ಗಿದರು. ಶರ್ಟು ಮೇಲೆ ಸರಿದು, ಬಾಡಿದ ಎಕ್ಕದ ಎಲೆಗಳು ರಸ್ತೆಗೆ ಬಿದ್ದವು.

"ಎಷ್ಟ್ ದಿನದಿಂದ್ಲಾ?" ಎಂದ ರಾಜೇಂದ್ರ.

"ನೆನ್ನೆಯಿಂದ ಸಾ."

"ಸುಳ್ಳು ಬೊಗಳಬೇಡ. ಅಮ್ಮನಿಗೂ ಸೊಂಟಾನೇ ನೋವು ಕಣೋ. ನಿನಗಿಂತ ಒಳ್ಳೆ ಮೀಟರ್ ಎಲ್ಲಿ ಸಿಗ್ತದೆ? ಕಾರ್ ಹತ್ತು, ಪೆಟ್ರೋಲ್ದೂ ನೋಡ್ಬುಡನ."

ಭಾವ ನನ್ನ ಮುಖ ನೋಡಿದರು. ಬೇಡ ಸಾ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಅವರ ಕಂಕುಳಿಗೆ ಕೈಹಾಕಿ ಕಾರಿಗೆ ಹತ್ತಿಸಿದವನೂ ನಾನೇ. ಅದೇ ಎರಡು ಹಂಪು, ಅದೇ ವೇಗ. ಈ ಸಲ ಕೂಗಲಿಲ್ಲ; ಮುಖವೆಲ್ಲ ಬೆವರು. "ಇದೇ ವಾಸಿ ಸಾ," ಎಂದರು. ಆ ಹೊತ್ತಿನಲ್ಲೂ ಸುಳ್ಳು ಹೇಳಲಿಲ್ಲ.

ರಾಜೇಂದ್ರ ಪೆಟ್ರೋಲ್ ಬುಕ್ ಮಾಡಲು ಹೇಳಿದ. ಆಮೇಲೆ ಭಾವನ ಜೇಬಿನಿಂದ ತನ್ನ ಹಳೆಯ ಕಾರಿನ ಕೀಲಿ ಈಸಿಕೊಂಡು ನನಗೆ ಕೊಟ್ಟ. "ನಾಳೆಯಿಂದ ನೀನು ಬಾ."

"ಇನ್ನೊಂದ್ ವರ್ಸ ಸಾ..." ಎಂದರು ಭಾವ.

"ಬಸ್ಸಲ್ಲಿ ಹೋಗು ಮಾದು. ಸೀಟು ಬೆವರಾಗ್ತದೆ."

ನಾನು ಕೀಲಿಯನ್ನು ವಾಪಸ್ ಕೊಡಲಿಲ್ಲ. ನನಗೂ ಮಕ್ಕಳಿದ್ದಾರೆ ಎಂದುಕೊಂಡೆ. ನಾಚಿಕೆಗೆಟ್ಟವರೆಲ್ಲ ಹಾಗೇ ಅಂದುಕೊಳ್ಳುವುದು.

ಅಕ್ಕ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಜಗಲಿಯಲ್ಲಿ ಮಲಗಿರುವ ಭಾವ ಮಾತ್ರ, ಹೊಸ ಕಾರು ತಿರುವಿನಲ್ಲಿ ಹೇಗಿದೆ ಎಂದು ವಿಚಾರಿಸುತ್ತಾರೆ. ಪವಿತ್ರ ಓದು ಬಿಟ್ಟು ನಂಜನಗೂಡಿನ ಫ್ಯಾಕ್ಟರಿಗೆ ಸೇರಿದಳು. ಬೆಳಗ್ಗೆ ಅವಳು ಬಸ್ಸಿಗೆ ಕಾಯುವ ಜಾಗದಲ್ಲೇ ಒಂದು ಹಂಪು. ಗೋವಿಂದಮ್ಮನವರ ಸೊಂಟ ಅಲುಗದಂತೆ ನಾನು ಅದನ್ನು ಮೆಲ್ಲಗೆ, ಬಲು ಮೆಲ್ಲಗೆ ದಾಟಿಸಬೇಕು. ಅಷ್ಟು ಹೊತ್ತೂ ಅವಳು ನನ್ನನ್ನೇ ನೋಡುತ್ತಿರುತ್ತಾಳೆ.